ತಕ್ಕಡಿ ಸಾಹೇಬರ ತೂಕ

ಹೆಂಡತಿಯನ್ನು ಹಾಸಿಗೆಯಿಂದ ಎಬ್ಬಿಸಿ ಗಾಲಿಕುರ್ಚಿಯಲ್ಲಿ ಕೂರಿಸುವ ಕೆಲಸವನ್ನು ತಕ್ಕಡಿ ಸಾಹೇಬರು ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಅದಕ್ಕೊಂದು ಕ್ರಮವಿತ್ತು. ಮೊದಲು ಕುರ್ಚಿಯನ್ನು ಮಂಚಕ್ಕೆ ಒತ್ತಿ ನಿಲ್ಲಿಸಿ ಬ್ರೇಕು ಹಾಕಬೇಕು. ಆಮೇಲೆ ಆಕೆಯನ್ನು ಮಂಚದ ಅಂಚಿಗೆ ಕೂರಿಸಿ, ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದು, ಸ್ವಾಧೀನ ತಪ್ಪಿದ ಬಲಗೈಯನ್ನು ತಮ್ಮ ಹೆಗಲ ಮೇಲೆ ಹಾಕಿಕೊಳ್ಳಬೇಕು. ಆಕೆ ಎಡಗೈಯಿಂದ ಅವರ ಕುತ್ತಿಗೆ ಹಿಡಿದುಕೊಳ್ಳುತ್ತಾಳೆ. ಸಾಹೇಬರು ಮಂಡಿ ಬಗ್ಗಿಸಿ, ಪಟ್ಟಿ ಹಿಡಿದು, ಉಸಿರೆಳೆದು "ಸಮ!" ಎನ್ನುತ್ತಾರೆ. ಆ ಮಾತಿನ ಜೊತೆಗೇ ಆಕೆ ಮೇಲೆದ್ದು ಬರುತ್ತಾಳೆ. ಒಂದು ಗಳಿಗೆ ಅವರ ಹೊಟ್ಟೆಗೆ ಒರಗಿ ಸುಧಾರಿಸಿಕೊಂಡು, ಅಲ್ಲಿಂದ ತಿರುಗಿ ಕುರ್ಚಿಗೆ ಇಳಿಯುತ್ತಾಳೆ.

"ಇದನ್ನ ಹೊಟ್ಟೆ ಅಂತ ಯಾರು ಹೇಳಿದ್ದು? ನನ್ನ ಪಾಲಿಗೆ ಮೆಟ್ಟಿಲು ಕಣ್ರೀ ಇದು," ಎನ್ನುತ್ತಿದ್ದಳು ಆಕೆ.

"ಮೆಟ್ಟಿಲು ಕಟ್ಟೋಕೆ ನಲವತ್ತು ವರ್ಷ ನೀನೇ ಅಡುಗೆ ಮಾಡಿ ಬಡಿಸಿದ್ದೀಯ. ಅನುಭವಿಸು," ಎನ್ನುತ್ತಿದ್ದರು ಸಾಹೇಬರು.

"ಸಮ" ಎನ್ನುವ ಮಾತು ಅವರ ನೌಕರಿಯಿಂದ ಬಂದದ್ದು. ಕೆಲಸದಲ್ಲಿದ್ದಷ್ಟು ಕಾಲವೂ ಅವರು ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರು. ಅಂಗಡಿ ಅಂಗಡಿಗೆ ಹೋಗಿ, ತಮ್ಮ ಪೆಟ್ಟಿಗೆಯಲ್ಲಿದ್ದ ತೂಕದ ಕಲ್ಲುಗಳನ್ನು ವ್ಯಾಪಾರಿಯ ತಕ್ಕಡಿಗೆ ಹಾಕಿ ನೋಡುವುದು ಅವರ ಕೆಲಸವಾಗಿತ್ತು. ಹಿತ್ತಾಳೆಯವೇ ಆದರೂ ಹೆಸರಿಗೆ ಕಲ್ಲು. ಮುಳ್ಳು ನೆಟ್ಟಗೆ ನಿಂತರೆ ಬೀದಿಗೆಲ್ಲ ಕೇಳುವ ಹಾಗೆ "ಸಮ!" ಎನ್ನುವರು, ನಿಲ್ಲದಿದ್ದರೆ ಬಾಯಿ ಬಿಡದೆ ದಂಡದ ಚೀಟಿ ಹರಿಯುವರು. ಅದಕ್ಕೇ ಊರು ಅವರಿಗೆ ತಕ್ಕಡಿ ಸಾಹೇಬರು ಎಂದು ಹೆಸರಿಟ್ಟಿತು. ಅವರ ಮಾವನ ಕಿರಾಣಿ ಅಂಗಡಿಯ ತಕ್ಕಡಿಯನ್ನೂ ಒಮ್ಮೆ ಜಪ್ತಿ ಮಾಡಿದ್ದರು. ಮರುವಾರ ಅದೇ ಅಂಗಡಿಗೆ ಹೆಣ್ಣು ಕೇಳಲು ಹೋದರು. "ನಮ್ಮಪ್ಪನ ತಕ್ಕಡಿ ಹೊತ್ಕೊಂಡು ಹೋಗಿದ್ದು ಸಾಲದು ಅಂತ ನನ್ನನ್ನೂ ಹೊತ್ಕೊಂಡು ಹೋದ್ರು," ಎಂದು ಆಕೆ ಇವತ್ತಿಗೂ ಬಂದವರಿಗೆಲ್ಲ ಹೇಳುವುದಿದೆ.

ಪಾರ್ಶ್ವವಾಯು ಹೊಡೆದು ಆಕೆಯ ಬಲಭಾಗ ಬಿದ್ದುಹೋದ ಮೇಲೆ ಹೊತ್ತುಕೊಳ್ಳುವ ಮಾತು ತಮಾಷೆಯಾಗಿ ಉಳಿಯಲಿಲ್ಲ. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಮಗಳು, ಅಳಿಯ ಇದ್ದರು. ಮಗಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಅಳಿಯ ಬಸ್ಸು ಓಡಿಸುತ್ತಿದ್ದ. ಬೆಳಗಾದರೆ ಇಬ್ಬರೂ ಮನೆಯಲ್ಲಿರುತ್ತಿರಲಿಲ್ಲ. ಅಮ್ಮನನ್ನು ಆರೈಕೆ ಕೇಂದ್ರಕ್ಕೆ ಸೇರಿಸುವ ಮಾತು ಬಂದಾಗ ಮಗಳು ಅತ್ತಳು, ಅಪ್ಪ ಕೂಗಾಡಿದರು, ಅಮ್ಮ ಒಂದೂ ಮಾತಾಡದೆ ಗೋಡೆ ನೋಡಿದಳು. ಸದಾ ಮಾತಾಡುವ ಹೆಂಗಸು ಸುಮ್ಮನಾದದ್ದನ್ನು ಕಂಡು ಇಬ್ಬರೂ ಜಗಳ ನಿಲ್ಲಿಸಿದರು.

ಕೊನೆಗೆ ಮಗಳೇ ಒಂದು ಒಪ್ಪಂದ ಮಾಡಿದಳು. "ನೋಡಿ ಅಪ್ಪಾ, ನಿಮ್ಮ ಕೈಲಿ ಅಮ್ಮನ್ನ ಎತ್ತೋಕೆ ಆಗೋವರೆಗೂ ಅವಳು ಇಲ್ಲೇ ಇರಲಿ. ಆಗದೇ ಇದ್ದ ದಿನ ನೀವು ಹಟ ಮಾಡಬಾರದು. ನನಗೆ ಮಾತು ಕೊಡಿ."

ಸಾಹೇಬರು ಮಾತು ಕೊಟ್ಟರು. ಮಗಳು ಆರೈಕೆ ಕೇಂದ್ರದ ಬಣ್ಣಬಣ್ಣದ ಕರಪತ್ರವನ್ನು ಮಡಚಿ, ಷೆಲ್ಫಿನ ಮೇಲಿದ್ದ ಹಳೇ ಗಡಿಯಾರದ ಅಡಿಗೆ ತುರುಕಿದಳು. ಗಡಿಯಾರ ಮೊದಲಿಂದ ಒಂದು ಕಡೆ ವಾಲುತ್ತಿತ್ತು, ಅವತ್ತಿನಿಂದ ನೆಟ್ಟಗಾಯಿತು.

ಹೀಗಿರುವಾಗ ವರ್ಷಕ್ಕೊಮ್ಮೆಯ ತಪಾಸಣೆಗೆಂದು ಸಾಹೇಬರು ಬಡಾವಣೆಯ ಕ್ಲಿನಿಕ್ಕಿಗೆ ಹೋದರು. ಅಲ್ಲಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಒಳ್ಳೆಯವಳು. ಆದರೆ ಹೊರಗೆ ಬೆಂಚು ತುಂಬಿ ಜನ ಗೋಡೆಗೆ ಒರಗಿ ನಿಂತಿದ್ದರು. ನರ್ಸು ಸಾಹೇಬರ ತೂಕ ನೋಡಿದಳು, ಎತ್ತರ ನೋಡಿದಳು. ಡಾಕ್ಟರಮ್ಮ ಕಂಪ್ಯೂಟರಿಗೆ ಎರಡನ್ನೂ ಹಾಕಿ, ಗೋಡೆಯ ಮೇಲಿದ್ದ ಪಟದ ಕಡೆ ಪೆನ್ನು ತೋರಿಸಿದಳು. ಪಟದಲ್ಲಿ ಹಸಿರು, ಹಳದಿ, ಕೆಂಪು ಪಟ್ಟಿಗಳಿದ್ದವು.

"ನಿಮ್ಮ ಬಿಎಂಐ ಇಪ್ಪತ್ತೊಂಬತ್ತು ಚಿಲ್ಲರೆ ಇದೆ ಸರ್. ಅಂದ್ರೆ ಹಳದಿ. ಇಪ್ಪತ್ತೈದರ ಒಳಗಿದ್ರೆ ಹಸಿರು."

"ಹಳದಿ ಅಂದ್ರೆ ಏನಾಗುತ್ತೆ ಡಾಕ್ಟ್ರಮ್ಮ?"

"ಎತ್ತರಕ್ಕೆ ಹೋಲಿಸಿದ್ರೆ ತೂಕ ಜಾಸ್ತಿ ಅಂತ. ಮುಂದೆ ಹೃದಯದ ತೊಂದರೆ, ಸಕ್ಕರೆ ಕಾಯಿಲೆ ಬರೋ ಸಾಧ್ಯತೆ ಸ್ವಲ್ಪ ಜಾಸ್ತಿ ಇರುತ್ತೆ. ಗಾಬರಿ ಏನಿಲ್ಲ. ಸ್ವಲ್ಪ ಇಳಿಸಿ, ದಿನಾ ನಡೀರಿ. ಸಿಹಿ ಕಡಿಮೆ ಮಾಡಿ, ಆದ್ರೆ ಬೇಳೆ, ಮೊಟ್ಟೆ ಬಿಡಬೇಡಿ."

ಸಾಹೇಬರ ಕಿವಿ ಹೃದಯ ಎನ್ನುವ ಮಾತಿನಲ್ಲೇ ನಿಂತುಬಿಟ್ಟಿತ್ತು. ಬೇಳೆ, ಮೊಟ್ಟೆಯವರೆಗೆ ಅದು ಹೋಗಲೇ ಇಲ್ಲ. ತಾವು ಸತ್ತುಹೋಗುವ ಬಗ್ಗೆ ಅವರಿಗೆ ಅಂಥ ಚಿಂತೆಯಿರಲಿಲ್ಲ, ವಯಸ್ಸಾಗಿತ್ತು. ಆದರೆ ತಾವು ಬಿದ್ದ ಮಾರನೇ ಬೆಳಗ್ಗೆ ಹೆಂಡತಿಯನ್ನು ಎಬ್ಬಿಸುವವರು ಯಾರು? ಗಡಿಯಾರದ ಅಡಿಯ ಆ ಕರಪತ್ರದವರೇ. ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತ ಮನೆಗೆ ಬಂದರು.

ಆದರೆ ತಕ್ಕಡಿ ಸಾಹೇಬರು ಯಾವ ತಕ್ಕಡಿಯನ್ನೂ ಪರೀಕ್ಷೆ ಮಾಡದೆ ನಂಬಿದವರಲ್ಲ. ಮಾರನೆಯ ದಿನ ಮಂಚದ ಅಡಿಯಿಂದ ಮರದ ಪೆಟ್ಟಿಗೆ ಎಳೆದು, ಧೂಳು ಹೊಡೆದು, ಅಳಿಯನ ಕೈಯಲ್ಲಿ ಹೊರಿಸಿಕೊಂಡು ಕ್ಲಿನಿಕ್ಕಿಗೆ ಹೊರಟರು. ನಿವೃತ್ತಿಯ ದಿನ ಕಚೇರಿಯವರು ಪ್ರೀತಿಯಿಂದ ಕೊಟ್ಟ ಹಳೇ ಪೆಟ್ಟಿಗೆ ಅದು. ಒಳಗೆ ಹಸಿರು ಮಕಮಲ್ಲಿನ ಗುಳಿಗಳಲ್ಲಿ ಹಿತ್ತಾಳೆ ಕಲ್ಲುಗಳು ದೊಡ್ಡದರಿಂದ ಚಿಕ್ಕದರವರೆಗೆ ಕೂತಿದ್ದವು. ಅವನ್ನು ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಬೆರಳಿನ ಬೆವರು, ಜಿಡ್ಡು ಅಂಟಿದರೆ ತೂಕ ಕೆಡುತ್ತದೆ ಎನ್ನುವುದು ಆ ಕೆಲಸದ ಮೊದಲ ಪಾಠ. ಮಗಳು ಚಿಕ್ಕವಳಿದ್ದಾಗ ಒಂದು ಕಲ್ಲನ್ನು ಗೊಂಬೆಗೆ ಪೀಠ ಮಾಡಿಕೊಂಡದ್ದಕ್ಕೆ ಮನೆಯಲ್ಲಿ ರಂಪವಾಗಿತ್ತು.

"ಸಾಹೇಬ್ರೇ, ಇದು ಕ್ಲಿನಿಕ್ಕು, ತರಕಾರಿ ಅಂಗಡಿ ಅಲ್ಲ," ಎಂದಳು ನರ್ಸು.

"ತಕ್ಕಡಿ ಎಲ್ಲಿದ್ರೂ ತಕ್ಕಡಿನೇ ತಾಯಿ," ಎಂದು ಸಾಹೇಬರು ಬಿಳಿಯ ಹತ್ತಿ ಕೈಗವಸು ಹಾಕಿಕೊಂಡರು. ಒಂದೊಂದೇ ಕಲ್ಲನ್ನು ಯಂತ್ರದ ಮೇಲಿಟ್ಟರು. ಯಂತ್ರ ಒಂದೂ ತಪ್ಪು ಹೇಳಲಿಲ್ಲ. ಎತ್ತರ ಅಳೆಯುವ ಕೋಲಿಗೂ ತಮ್ಮ ಉಕ್ಕಿನ ಟೇಪು ಹಿಡಿದರು. ಅದೂ ಸರಿಯಾಗಿತ್ತು. ಬೆಂಚಿನ ಮೇಲಿದ್ದವರು ತಮ್ಮ ತಮ್ಮ ಕಾಯಿಲೆ ಮರೆತು ನೋಡುತ್ತಿದ್ದರು. ಸಾಹೇಬರ ಮುಖ ಪೆಚ್ಚಾಯಿತು. "ಸಮ," ಎಂದು ತಮಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿ ಪೆಟ್ಟಿಗೆ ಮುಚ್ಚಿದರು.

ತಪ್ಪಾದದ್ದು ಇಲ್ಲೇ. ಬೇರೆ ಯಾರಾದರೂ ಆಗಿದ್ದರೆ ಡಾಕ್ಟರು ಏನೋ ಹೇಳಿದರು ಎಂದು ನಾಲ್ಕು ದಿನ ಸಕ್ಕರೆ ಬಿಟ್ಟು ಐದನೇ ದಿನ ಮರೆಯುತ್ತಿದ್ದರು. ಸಾಹೇಬರ ಜಾಯಮಾನವೇ ಬೇರೆ. ತಕ್ಕಡಿ ಸರಿಯಿದ್ದರೆ ವಿಚಾರಣೆ ಮುಗಿಯಿತು, ಮುಂದೆ ಮಾತಿಲ್ಲ ಎನ್ನುವುದು ಅವರ ಮೂಳೆಯಲ್ಲಿ ಸೇರಿಹೋಗಿತ್ತು. ಯಂತ್ರ ಸರಿ, ಕೋಲು ಸರಿ, ಎರಡರಿಂದ ಹಾಕಿದ ಲೆಕ್ಕ ಸರಿ. ಹಾಗಾದರೆ ತಪ್ಪಿತಸ್ಥ ತಾವೇ. ತಮಗೆ ತಾವೇ ದಂಡದ ಚೀಟಿ ಹರಿದುಕೊಂಡರು ಅನ್ನಿ.

ಅಡುಗೆಮನೆಗೆ ಪುಟ್ಟ ತಕ್ಕಡಿ ಬಂತು. ತಾವು ತಿನ್ನುವುದೆಲ್ಲವನ್ನೂ ತೂಗಿ ಅರ್ಧ ಮಾಡತೊಡಗಿದರು; ಹೆಂಡತಿಯ ತಟ್ಟೆಗೆ ಮಾತ್ರ ಎಲ್ಲವೂ ಮೊದಲಿನಂತೆ. ಬ್ರೆಡ್ಡು ಅರ್ಧ, ಆಲೂಗಡ್ಡೆ ಅರ್ಧ. ಬೇಳೆ, ಮೊಟ್ಟೆ ಭಾರದ ಪದಾರ್ಥಗಳು ಎಂದು ತಾವೇ ತೀರ್ಮಾನಿಸಿ ಪೂರ್ತಿ ಬಿಟ್ಟರು. ಸೌತೆಕಾಯಿ ಮೊಟ್ಟೆಗಿಂತ ಹೆಚ್ಚು ತೂಗಿದ ದಿನ ಮಾತ್ರ ತಬ್ಬಿಬ್ಬಾಗಿ ಅಡುಗೆಮನೆಯಲ್ಲಿ ಬಹಳ ಹೊತ್ತು ನಿಂತಿದ್ದರು. ಕೊನೆಗೆ ಸೌತೆಕಾಯಿಯನ್ನೂ ಅರ್ಧ ಮಾಡಿದರು.

"ಏನ್ರೀ ಇದು, ಇಷ್ಟು ತಿಂದ್ರೆ ಗುಬ್ಬಚ್ಚಿನೂ ಬದುಕಲ್ಲ," ಎಂದಳು ಹೆಂಡತಿ.

"ಗುಬ್ಬಚ್ಚಿ ಬಿಎಂಐ ಹಸಿರಲ್ಲಿರುತ್ತೆ ಕಣೇ. ಅದಕ್ಕೇ ಹಾರುತ್ತೆ."

"ನಿಮ್ಮ ಜೊತೆ ಮಾತಾಡೋದೂ ಒಂದೇ, ಆ ಗೋಡೆ ಜೊತೆ ಮಾತಾಡೋದೂ ಒಂದೇ."

ತೂಕ ಇಳಿಯಿತು. ಇಳಿಯದೆ ಏನು ಮಾಡೀತು? ಪ್ಯಾಂಟಿನ ಕಾಲು ಸಡಿಲವಾಯಿತು, ಕೆನ್ನೆ ಇಳಿಯಿತು. ಕ್ಷೌರದಂಗಡಿಯವನು "ಹುಡುಗ ಆಗ್ಬಿಟ್ರಲ್ಲ ಸಾಹೇಬ್ರೇ, ಮದುವೆ ಮಾಡಬಹುದು" ಎಂದ. ದಾರಿಯಲ್ಲಿ ಸಿಕ್ಕವರೆಲ್ಲ ಗುಟ್ಟೇನು ಎಂದು ಕೇಳಿದರು. ಮಗಳು ಖುಷಿಯಿಂದ ಅಪ್ಪನಿಗೊಂದು ಹೊಸ ಶರ್ಟು ತಂದಳು. ಇಷ್ಟು ಹೊಗಳಿಕೆ ಸಾಹೇಬರಿಗೆ ನೌಕರಿಯಲ್ಲಿದ್ದಾಗಲೂ ಸಿಕ್ಕಿರಲಿಲ್ಲ. ತಕ್ಕಡಿ ಇನ್‌ಸ್ಪೆಕ್ಟರನ್ನು ಯಾರು ಹೊಗಳುತ್ತಾರೆ? ಅವರು ಉಬ್ಬಿಹೋದರು.

ಬೆಳಗಿನ ಎತ್ತುವಿಕೆ ಮಾತ್ರ ಕಷ್ಟವಾಗುತ್ತ ಬಂತು. ಮೊದಮೊದಲು "ಸಮ" ಎಂದ ಮೇಲೆ ಒಂದು ಕ್ಷಣ ತಡವಾಯಿತು. ಆಮೇಲೆ ಎರಡು ಸಲ ಹೇಳಬೇಕಾಯಿತು. ಸಾಹೇಬರು ಹಾಸಿಗೆ ತಗ್ಗಿದೆ ಎಂದು ಅಡಿಗೆ ಕಂಬಳಿ ತುರುಕಿದರು. ಪಟ್ಟಿ ಜಾರುತ್ತದೆ ಎಂದು ಬೇರೆ ಪಟ್ಟಿ ತಂದರು. ನೆಲ ನುಣುಪಾಗಿದೆ ಎಂದು ನೆಲವನ್ನೂ ಬೈದರು. ಡಬ್ಬಿಯ ಮುಚ್ಚಳ ತೆಗೆಯಲಾಗದೆ ಅಳಿಯನ ಕೈಗೆ ಕೊಟ್ಟಾಗ, "ಈಗಿನ ಡಬ್ಬಿಗಳೇ ಸರಿಯಿಲ್ಲ" ಎಂದರು. ಅಂಗಿಯ ತೋಳಿನೊಳಗೆ ತಮ್ಮ ತೋಳು ಕಡ್ಡಿಯ ಹಾಗಾಗಿ, ಹೊಟ್ಟೆ ಮಾತ್ರ ಅಷ್ಟೋ ಇಷ್ಟೋ ಉಳಿದುಕೊಂಡಿದ್ದನ್ನು ಅವರು ಕನ್ನಡಿಯಲ್ಲಿ ಕಂಡಿದ್ದರು. ಕಂಡರೂ, ಅಂಕಿ ಇಳಿಯುತ್ತಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡರು.

ಒಂದು ವಿಷಯ ಅವರಿಗೆ ಧೈರ್ಯ ಕೊಟ್ಟಿತ್ತು. ತಮ್ಮ ಕಾಲು ಎಷ್ಟೇ ನಡುಗಿದರೂ ಹೆಂಡತಿ ಹೇಗೋ ಮೇಲೆ ಬಂದುಬಿಡುತ್ತಿದ್ದಳು. ತಮ್ಮ ಕೈಚಳಕ ಸುಧಾರಿಸಿದೆ ಎಂದೇ ಸಾಹೇಬರು ತಿಳಿದರು. ಈ ನಡುವೆ ಮಲಗುವ ಕೋಣೆಯ ಕಿಟಕಿಗೆ ಪಾರಿವಾಳಗಳ ಕಾಟ ಹೆಚ್ಚಿತ್ತು. ಎಲ್ಲಿಲ್ಲದ ಪಾರಿವಾಳಗಳು, ಒಂದೊಂದೂ ದುಂಡಗೆ, ಗಾಲಿಕುರ್ಚಿಯ ಪಕ್ಕದ ಕಿಟಕಿಯ ಅಂಚಿನಲ್ಲಿ ಬೆಳಗಿನಿಂದಲೇ ಸಾಲುಗಟ್ಟುತ್ತಿದ್ದವು. "ಇವುಗಳದ್ದು ಖಂಡಿತ ಕೆಂಪು ಪಟ್ಟಿ," ಎಂದು ಸಾಹೇಬರು ಅವನ್ನು ಓಡಿಸುತ್ತಿದ್ದರು. ಹೆಂಡತಿ ನಗುತ್ತಿದ್ದಳು, ಏನೂ ಹೇಳುತ್ತಿರಲಿಲ್ಲ.

ಆರು ತಿಂಗಳ ಮೇಲೆ ಮಗಳು ಇಬ್ಬರನ್ನೂ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಅವತ್ತು ರಜೆಯಲ್ಲಿದ್ದಳು. ನರ್ಸೇ ತೂಕ ನೋಡಿ, ಲೆಕ್ಕ ಹಾಕಿ, ಚಪ್ಪಾಳೆ ತಟ್ಟಿದಳು.

"ಇಪ್ಪತ್ನಾಲ್ಕು ಚಿಲ್ಲರೆ! ಸಾಹೇಬ್ರು ಹಸಿರಿಗೆ ಬಂದ್ರು. ಅಮ್ಮಾವ್ರೂ ಇಳಿದಿದ್ದಾರೆ, ಅವರೂ ಹಸಿರು. ಗಂಡ ಹೆಂಡತಿ ಇಬ್ಬರೂ ಪಾಸು!"

ಸಾಹೇಬರು ಎದೆಯುಬ್ಬಿಸಿ ಮನೆಗೆ ಬಂದರು. ಮಗಳು ಇಬ್ಬರನ್ನೂ ಒಳಗೆ ಬಿಟ್ಟು, ಅಮ್ಮನನ್ನು ಮಂಚದ ಮೇಲೆ ಮಲಗಿಸಿ, ಅಪ್ಪನ ಬೆನ್ನು ತಟ್ಟಿ ಅಂಗಡಿಗೆ ಹೋದಳು. ಮಧ್ಯಾಹ್ನದ ಬಿಸಿಲು ಕೋಣೆಯೊಳಗೆ ಬಿದ್ದಿತ್ತು. ಸ್ವಲ್ಪ ಹೊತ್ತಿಗೆ ಹೆಂಡತಿ ಎದ್ದು ಕೂರಬೇಕೆಂದಳು. ಸಾಹೇಬರು ಕುರ್ಚಿ ಒತ್ತಿ ನಿಲ್ಲಿಸಿದರು, ಬ್ರೇಕು ಹಾಕಿದರು, ಪಟ್ಟಿ ಬಿಗಿದರು. ಮಂಡಿ ಬಗ್ಗಿಸಿ, "ಸಮ!" ಎಂದರು.

ಆಕೆ ಅರ್ಧ ಎದ್ದಳು. ಅಷ್ಟರಲ್ಲಿ ಸಾಹೇಬರ ಮಂಡಿ ಕೈಕೊಟ್ಟಿತು. ಇಬ್ಬರೂ ಮಂಚದ ಅಂಚಿನಿಂದ ಜಾರಿ, ನಿಧಾನಕ್ಕೆ, ಒಬ್ಬರ ಮೇಲೊಬ್ಬರು ನೆಲಕ್ಕೆ ಬಂದು ಕೂತರು. ದೇವರು ದೊಡ್ಡವನು, ಯಾರಿಗೂ ಪೆಟ್ಟಾಗಲಿಲ್ಲ.

"ನೋವಾಯ್ತಾ?"

"ಇಲ್ಲ. ನಿಮಗೆ?"

"ಇಲ್ಲ. ಇರು, ಎತ್ತುತೀನಿ."

ಎತ್ತಲಾಗಲಿಲ್ಲ. ಆಕೆಯನ್ನು ಎತ್ತುವುದಿರಲಿ, ಮಂಚ ಹಿಡಿದು ತಾವೇ ಏಳಲಾಗಲಿಲ್ಲ. ತೊಡೆಯಲ್ಲಿ ಬಲವೇ ಇರಲಿಲ್ಲ. ಫೋನು ಮೇಜಿನ ಮೇಲಿತ್ತು. ಮೇಜು ಮೂರು ಮಾರು ಆಚೆಗಿತ್ತು. ಅವರು ತೆವಳಲು ನೋಡಿ ಏದುಸಿರು ಬಂದು ಮತ್ತೆ ಹೆಂಡತಿಯ ಪಕ್ಕಕ್ಕೇ ಒರಗಿದರು. ಮಂಚದ ಅಡಿಯಲ್ಲಿ ಯಾವತ್ತೋ ಕಳೆದುಹೋದ ಚಮಚ, ಧೂಳು, ಆ ಮರದ ಪೆಟ್ಟಿಗೆ ಕಾಣುತ್ತಿದ್ದವು.

"ಚಮಚ ಸಿಕ್ತು ನೋಡಿ. ಕೆಲಸದವಳ ಮೇಲೆ ಅನುಮಾನ ಪಟ್ಟಿದ್ರಿ," ಎಂದಳು ಆಕೆ.

ಸಾಹೇಬರು ನಗಲಿಲ್ಲ. "ಮಗಳು ಬರೋದು ಸಂಜೆಗೆ," ಎಂದರು. "ನಾನು ಅವಳಿಗೆ ಮಾತು ಕೊಟ್ಟಿದ್ದೀನಿ," ಎಂದರು. "ನಿನಗೋಸ್ಕರ ಇಳಿಸಿದೆ ಕಣೇ. ನಾನು ಗಟ್ಟಿಯಾಗಿದ್ರೆ ತಾನೇ ನೀನು ಇಲ್ಲಿರೋಕಾಗೋದು ಅಂತ. ಯಂತ್ರನೂ ಪರೀಕ್ಷೆ ಮಾಡಿದ್ದೆ, ಎಲ್ಲಾ ಸರಿಯಾಗೇ ಇತ್ತು."

ಕಿಟಕಿಯಲ್ಲಿ ಪಾರಿವಾಳಗಳು ಬಂದು ಕೂತವು, ಕತ್ತು ಕೊಂಕಿಸಿ ಒಳಗೆ ಇಣುಕಿದವು, ಗಾಜು ಕುಟುಕಿದವು.

"ಊಟದ ಹೊತ್ತಾಯ್ತು ಅಂತ ಬಂದಿವೆ ಪಾಪ," ಎಂದಳು.

"ಯಾರ ಊಟ?"

"ನಂದು." ಆಕೆ ಎಡಗೈಯಿಂದ ಅವರ ಅಂಗಿಯ ಚುಂಗು ಹಿಡಿದುಕೊಂಡಳು. "ಬೈಬೇಡಿ. ನನ್ನ ಎತ್ತುವಾಗ ನಿಮ್ಮ ತೋಳು ನಡುಗೋದು ನನಗೆ ಗೊತ್ತಾಗಲ್ವಾ? ಬೇರೆ ಯಾರಿಗೂ ಕಾಣಲ್ಲ, ನಾನು ಅದರಲ್ಲೇ ನೇತಾಡೋಳು. ಹೇಳಿದ್ರೆ ನೀವು ಕೇಳೋರಲ್ಲ. ನಾನಾದ್ರೂ ಹಗುರ ಆಗೋಣ ಅಂತ ನನ್ನ ಪಾಲಿನ ಬ್ರೆಡ್ಡು, ಮೊಟ್ಟೆ ಎಲ್ಲಾ ಅವಕ್ಕೆ ಹಾಕ್ತಿದ್ದೆ."

ಸಾಹೇಬರು ತಮ್ಮ ಕೈಚಳಕ ಎಂದು ಹಿಗ್ಗಿದ್ದು ಇದಕ್ಕೆ. ಇಬ್ಬರೂ ಪಾಸು ಎಂದು ಆ ಹುಡುಗಿ ಚಪ್ಪಾಳೆ ತಟ್ಟಿದ್ದು ಇದಕ್ಕೆ. ಹಸಿವಿನಲ್ಲಿ ಕೂತ ಹೆಂಡತಿಯ ಮುಂದೆ ತಾವು ದಿನಾ ಸೌತೆಕಾಯಿ ತೂಗುತ್ತಿದ್ದರು. ಅವರು ಮುಖ ಮುಚ್ಚಿಕೊಂಡು ಚಿಕ್ಕ ಮಗುವಿನ ಹಾಗೆ ಅತ್ತರು. ಆಕೆ ಸ್ವಾಧೀನವಿದ್ದ ಒಂದೇ ಕೈಯಲ್ಲಿ ಅವರ ಬೆನ್ನು ಸವರುತ್ತಲೇ ಇದ್ದಳು.

ಸಂಜೆ ಬಾಗಿಲು ತೆಗೆದ ಮಗಳು ಕಿರುಚಿಕೊಂಡಳು. ಆಗಷ್ಟೇ ಕೆಲಸ ಮುಗಿಸಿ ಬಂದಿದ್ದ ಅಳಿಯ ಮೇಲಿಂದ ಓಡಿಬಂದ. ಇಬ್ಬರನ್ನೂ ಎತ್ತಿ ಕೂರಿಸಿ, ನೀರು ಕುಡಿಸಿ, ನಡೆದದ್ದನ್ನೆಲ್ಲ ಕೇಳಿದ ಮೇಲೆ ಮಗಳು ಷೆಲ್ಫಿನ ಹತ್ತಿರ ಹೋಗಿ ನಿಂತಳು. ಗಡಿಯಾರದ ಮೇಲೆ ಕೈಯಿಟ್ಟಳು, ಆದರೆ ಎತ್ತಲಿಲ್ಲ.

"ಅಪ್ಪಾ, ನೀವು ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ ಕಣಮ್ಮ. ಇಲ್ಲ ಅನ್ನಲ್ಲ. ಸ್ವಲ್ಪ ದಿನ ಕೊಡು. ಅಷ್ಟೇ ಕೇಳ್ತೀನಿ."

ಮಗಳು ಅಪ್ಪನ ತೋಳನ್ನು ಮೊದಲ ಸಲ ಸರಿಯಾಗಿ ನೋಡಿದಳು. ತಾನು ಕೊಡಿಸಿದ ಶರ್ಟಿನ ತೋಳೊಳಗೆ ಅದು ಎಲ್ಲಿದೆಯೆಂದೇ ತಿಳಿಯುತ್ತಿರಲಿಲ್ಲ. "ಅಂಗಡಿಗೆ ಎರಡು ತಿಂಗಳು ರಜೆ ಹಾಕ್ತೀನಿ," ಎಂದಳು. "ರಜೆ ಮುಗಿಯೋದ್ರೊಳಗೆ ನೀವು ಒಬ್ರೇ ಎತ್ತಬೇಕು. ಆಗದೇ ಇದ್ರೆ ನಾನು ಆರೈಕೆ ಕೇಂದ್ರಕ್ಕೆ ಫೋನ್ ಮಾಡ್ತೀನಿ. ಆಮೇಲೆ ನನ್ನ ಮೇಲೆ ಕೋಪ ಮಾಡ್ಕೋಬೇಡಿ."

ಮಾರನೆಯ ದಿನ ಡಾಕ್ಟರಮ್ಮ ತೂಕದ ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ. ಸಾಹೇಬರನ್ನು ಮಾಮೂಲಿ ಕುರ್ಚಿಯಲ್ಲಿ ಕೂರಿಸಿ, ಕೈಕಟ್ಟಿಕೊಂಡು ಏಳಿ ಎಂದಳು. ಸಾಹೇಬರಿಗೆ ಏಳಲಾಗಲಿಲ್ಲ. ತನ್ನ ಎರಡು ಬೆರಳು ಕೊಟ್ಟು ಬಲವಾಗಿ ಹಿಂಡಿ ಎಂದಳು. ಅವರು ಹಲ್ಲು ಕಚ್ಚಿ ಹಿಂಡಿದರೂ ಆಕೆಯ ಮುಖದಲ್ಲಿ ಏನೂ ಬದಲಾಗಲಿಲ್ಲ. ಆಮೇಲೆ ಸೊಂಟಕ್ಕೆ ಟೇಪು ಸುತ್ತಿ ನೋಡಿ ತಲೆಯಾಡಿಸಿದಳು.

"ಹೊಟ್ಟೆ ಅಷ್ಟೇನೂ ಕಮ್ಮಿ ಆಗಿಲ್ಲ ಸರ್. ತೋಳು, ತೊಡೆ ಹೋಗಿಬಿಟ್ಟಿವೆ."

"ಮತ್ತೆ ಹಸಿರು ಅಂದ್ರಲ್ಲ?"

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಅವರ ಎದುರಿಗೆ ಕೂತಳು. ಹೊರಗೆ ಬೆಂಚು ತುಂಬಿತ್ತು, ಆದರೂ ಕೂತಳು. "ಬಿಎಂಐ ಅಂದ್ರೆ ತೂಕ ಮತ್ತೆ ಎತ್ತರದ ಲೆಕ್ಕ, ಅಷ್ಟೇ. ಆ ತೂಕದಲ್ಲಿ ಕೊಬ್ಬೆಷ್ಟು, ಸ್ನಾಯು ಎಷ್ಟು, ಮೂಳೆ ಎಷ್ಟು ಅಂತ ಅದಕ್ಕೆ ಗೊತ್ತಾಗಲ್ಲ. ಕೊಬ್ಬು ಎಲ್ಲಿ ಸೇರಿಕೊಂಡಿದೆ ಅಂತಲೂ ಗೊತ್ತಾಗಲ್ಲ. ಸಾವಿರಾರು ಜನರ ಬಗ್ಗೆ ಒಟ್ಟಾಗಿ ಹೇಳೋಕೆ ಒಳ್ಳೇ ಅಳತೆ. ಒಬ್ಬೊಬ್ಬರ ವಿಷಯಕ್ಕೆ ಬಂದ್ರೆ ಅದು ಬಾಗಿಲು ತಟ್ಟುತ್ತೆ, ಒಳಗೆ ಹೋಗಿ ನೋಡಬೇಕಾದ್ದು ನಾವು. ಈ ವಯಸ್ಸಲ್ಲಿ ಉಪವಾಸ ಮಾಡಿದ್ರೆ ಕೊಬ್ಬಿನ ಜೊತೆ ಸ್ನಾಯುನೂ ಕರಗುತ್ತೆ." ಸ್ವಲ್ಪ ತಡೆದು, "ತಪ್ಪು ನಂದೂ ಇದೆ. ನೀವು ಮನೇಲಿ ಏನು ಮಾಡ್ತೀರಿ ಅಂತ ಕೇಳಿದಾಗ ರಿಟೈರ್ಡ್ ಅಂದ್ರಿ, ನಾನು ಹೂಂ ಅಂದೆ. ದಿನಾ ಒಬ್ಬರನ್ನ ಎತ್ತಿ ಕೂರಿಸ್ತೀರಿ ಅಂತ ಗೊತ್ತಿದ್ದಿದ್ರೆ ಬೇರೆ ಥರ ಹೇಳ್ತಿದ್ದೆ."

ಸಾಹೇಬರಿಗೆ ಎಂದೋ ಮರೆತ ಒಬ್ಬ ಹತ್ತಿ ವ್ಯಾಪಾರಿಯ ನೆನಪಾಯಿತು. ಅವನ ತಕ್ಕಡಿ ಊರಿಗೇ ಮಾದರಿ. ಎಷ್ಟು ಸಲ ಪರೀಕ್ಷಿಸಿದರೂ ಸಮ. ಹತ್ತಿಗೆ ನೀರು ಚಿಮುಕಿಸಿ ಮಾರುತ್ತಾನೆ ಎಂದು ಕೊಂಡವರು ಬಂದು ಅತ್ತಾಗ ಸಾಹೇಬರು, "ಮೂಟೆಯೊಳಗೆ ಏನಿದೆ ಅನ್ನೋದು ನನ್ನ ಕೆಲಸ ಅಲ್ಲ" ಎಂದು ಕಳಿಸಿದ್ದರು. "ಈಗೇನು ತಿನ್ನಲಿ, ಅದನ್ನ ಹೇಳಿ ತಾಯಿ," ಎಂದರು.

ಮೊಟ್ಟೆ ವಾಪಸ್ ಬಂತು, ಬೇಳೆ ವಾಪಸ್ ಬಂತು, ಇಬ್ಬರ ಹೊಟ್ಟೆಗೂ. ಅಡುಗೆಮನೆಯ ಪುಟ್ಟ ತಕ್ಕಡಿ ಅಳಿಯನ ಪಾಲಾಯಿತು. ವಾರಕ್ಕೆರಡು ಸಲ ವ್ಯಾಯಾಮ ಹೇಳಿಕೊಡುವವಳೊಬ್ಬಳು ಬರತೊಡಗಿದಳು. ಗಟ್ಟಿ ದನಿಯ ಹೆಂಗಸು. ಸಾಹೇಬರನ್ನು ಕುರ್ಚಿಯಿಂದ ಎಬ್ಬಿಸಿ ಕೂರಿಸಿ, ಎಬ್ಬಿಸಿ ಕೂರಿಸಿ ಸುಸ್ತು ಮಾಡಿದಳು. ಆಮೇಲೆ ಹೆಂಡತಿಯ ಕಡೆ ತಿರುಗಿದಳು.

"ಅಮ್ಮಾ, ನಿಮ್ಮ ಎಡಗಾಲು ಗಟ್ಟಿಯಾಗೇ ಇದೆಯಲ್ಲ. ಏಳುವಾಗ ಅದನ್ನ ಒತ್ತಬೇಕು ಅಂತ ಯಾರೂ ಹೇಳಲಿಲ್ವಾ?"

"ಇವರು ಒಂದು ಸಲವೂ ಕೇಳಲಿಲ್ಲ ತಾಯಿ. ಮೂಟೆ ಎತ್ತಿದ ಹಾಗೆ ಎತ್ತುತಾರೆ."

ಕೈಗೆ ಬಲ ಬರಲು ಭಾರವಾದದ್ದೇನಾದರೂ ಹಿಡಿದು ಎತ್ತಿ ಇಳಿಸಬೇಕು, ಏನಿದೆ ಮನೆಯಲ್ಲಿ ಎಂದು ಕೇಳಿದಳು ವ್ಯಾಯಾಮದವಳು. ಸಾಹೇಬರು ಅಳಿಯನ ಕೈಯಲ್ಲಿ ಮಂಚದ ಅಡಿಯ ಪೆಟ್ಟಿಗೆ ತೆಗೆಸಿದರು. ಕೈಗವಸು ಎತ್ತಿಕೊಂಡರು. ಒಂದು ಗಳಿಗೆ ನೋಡಿ ಪಕ್ಕಕ್ಕಿಟ್ಟರು. ದೊಡ್ಡ ಕಲ್ಲೊಂದನ್ನು ಬರಿಗೈಯಲ್ಲಿ ತಾವು ಹಿಡಿದರು; ಚಿಕ್ಕದೊಂದನ್ನು ತೆಗೆದು ಹೆಂಡತಿಯ ಸ್ವಾಧೀನವಿಲ್ಲದ ಬಲಗೈಯೊಳಗಿಟ್ಟು, ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಚಿದರು.

ಮಗಳು ಬಾಯಿಬಿಟ್ಟುಕೊಂಡು ನೋಡಿದಳು. "ನನ್ನ ಗೊಂಬೆ ಕೂರಿಸಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ರಿ!"

"ತಪ್ಪು ಮಾಡಿದ್ದೆ ಮಗಳೇ," ಎಂದರು ಸಾಹೇಬರು, ಕಲ್ಲನ್ನು ಎತ್ತುತ್ತ ಇಳಿಸುತ್ತ.

ವಾರಗಳು ಕಳೆದವು. ಹಿತ್ತಾಳೆಯ ಮೇಲೆ ಬೆರಳಚ್ಚು ಬಿದ್ದು ಹೊಳಪು ಹೋಯಿತು. ಎತ್ತುವ ಕೆಲಸವನ್ನು ಮಗಳೂ ಅಳಿಯನೂ ಮಾಡುತ್ತಿದ್ದರು; ಸಾಹೇಬರು ಪಕ್ಕದಲ್ಲಿ ನಿಂತು ನೋಡುವುದೇ ದೊಡ್ಡ ಶಿಕ್ಷೆಯಾಗಿತ್ತು. ಕ್ಲಿನಿಕ್ಕಿನಲ್ಲಿ ನರ್ಸು ತೂಕ ನೋಡಿ, "ಅಯ್ಯೋ, ಇಪ್ಪತ್ತಾರು. ಮತ್ತೆ ಹಳದಿಗೆ ಹೋದ್ರಲ್ಲ ಸಾಹೇಬ್ರೇ," ಎಂದು ಕೊರಗಿದಳು. ಡಾಕ್ಟರಮ್ಮ ಮಾತ್ರ ಬೆರಳು ಚಾಚಿದಳು. ಸಾಹೇಬರು ಹಿಂಡಿದರು. ಈ ಸಲ ಆಕೆ "ಆಯ್!" ಎಂದು ಕೈ ಎಳೆದುಕೊಂಡಳು.

ಆದರೂ ಮಗಳ ರಜೆ ಮುಗಿದ ಬೆಳಗ್ಗೆ ಸಾಹೇಬರು ಎಲ್ಲರಿಗಿಂತ ಮೊದಲೇ ಎದ್ದು ಕೂತಿದ್ದರು. ಮಗಳು, ಅಳಿಯ ಬಾಗಿಲಲ್ಲಿ ನಿಂತಿದ್ದರು. ಮುಟ್ಟಬಾರದು ಎಂದು ಅವರಿಗೆ ಕಟ್ಟಪ್ಪಣೆಯಾಗಿತ್ತು. ಮಗಳ ಕೈಯಲ್ಲಿ ಫೋನಿತ್ತು. ಅವಳ ಮುಖ ಅಪ್ಪನ ಮುಖಕ್ಕಿಂತ ಬಿಳಿಚಿಕೊಂಡಿತ್ತು. ಕುರ್ಚಿ ಒತ್ತಿ ನಿಂತಿತು. ಬ್ರೇಕು ಬಿತ್ತು. ಪಟ್ಟಿ ಬಿಗಿಯಾಯಿತು. ಸಾಹೇಬರು ಮಂಡಿ ಬಗ್ಗಿಸಿ ಉಸಿರೆಳೆದರು.

"ಸಮ!"

ಆಕೆ ಅರ್ಧಕ್ಕೆ ಬಂದು ಮತ್ತೆ ಮಂಚದ ಮೇಲೆ ಕೂತಳು. ಸಾಹೇಬರ ಹಣೆ ಬೆವೆತಿತು. ತಲೆ ತಗ್ಗಿಸಿದರು.

"ತಡೀರಿ," ಎಂದಳು ಹೆಂಡತಿ, ಅವರ ಕಿವಿಯ ಹತ್ತಿರ. "ಇಷ್ಟು ದಿನ ನಿಮಗೆ ಸರಿ ಅನ್ನಿಸಿದಾಗ ಸಮ ಅಂದ್ರಿ. ನಾನು ತಯಾರಾಗಿದ್ದೀನಾ ಅಂತ ಕೇಳಿದ್ದೀರಾ? ಈ ಸಲ ನಾನು ಹೇಳ್ತೀನಿ."

ಆಕೆ ಎಡಗಾಲನ್ನು ಹಿಂದಕ್ಕೆಳೆದು ನೆಲಕ್ಕೆ ಒತ್ತಿದಳು. ಕುತ್ತಿಗೆ ಹಿಡಿದ ಕೈ ಬಿಗಿಯಾಯಿತು. ಸಾಹೇಬರು ಕಾದರು. ಅವರ ಜೀವಮಾನದಲ್ಲಿ ಆ ಮಾತಿಗೆ ಬೇರೆಯವರ ಬಾಯಿ ನೋಡುತ್ತ ಕಾದದ್ದು ಅದೇ ಮೊದಲು.

"ಸಮ," ಎಂದಳು ಆಕೆ.

ಇಬ್ಬರೂ ಎದ್ದರು. ಸಾಹೇಬರ ತೊಡೆ ನಡುಗಿತು, ಆದರೆ ನಿಂತಿತು. ಆಕೆ ಅವರ ಹೊಟ್ಟೆಗೆ ಒರಗಿ ಉಸಿರು ಬಿಟ್ಟಳು. "ಮೆಟ್ಟಿಲು ವಾಪಸ್ ಬಂದಿದೆ," ಎಂದಳು. ಆಮೇಲೆ ತಿರುಗಿ ಕುರ್ಚಿಗೆ ಇಳಿದಳು. ಸಾಹೇಬರು ಕುರ್ಚಿಯ ತೋಳು ಹಿಡಿದು ನಿಂತರು. ಕಣ್ಣೀರು ಧಾರೆಯಾಗಿ ಇಳಿಯಿತು, ಒರೆಸಿಕೊಳ್ಳಲು ನೆನಪಾಗಲಿಲ್ಲ.

ಮಗಳು ಮೂಗು ಒರೆಸಿಕೊಂಡು ಷೆಲ್ಫಿನ ಹತ್ತಿರ ಹೋಗಿ ಗಡಿಯಾರದ ಅಡಿಯ ಕರಪತ್ರಕ್ಕೆ ಕೈ ಹಾಕಿದಳು.

"ತೆಗೀಬೇಡ, ಇರಲಿ," ಎಂದಳು ಅಮ್ಮ. "ಒಂದಲ್ಲ ಒಂದು ದಿನ ಬೇಕಾಗುತ್ತೆ. ನನಗೂ ಗೊತ್ತು, ನಿಮ್ಮಪ್ಪನಿಗೂ ಗೊತ್ತು. ಇವತ್ತಲ್ಲ, ಅಷ್ಟೇ. ಈಗ ತೆಗೆದ್ರೆ ಗಡಿಯಾರ ವಾಲುತ್ತೆ."

ಮಗಳು ನಕ್ಕು ಅಮ್ಮನ ತಲೆಗೆ ಮುತ್ತಿಟ್ಟು, ಕೆಲಸಕ್ಕೆ ತಡವಾಯಿತೆಂದು ಗಂಡನನ್ನು ಕರೆದುಕೊಂಡು ಓಡಿದಳು. ಸಾಹೇಬರು ಎರಡು ತಟ್ಟೆ ತಂದರು. ಬ್ರೆಡ್ಡು ಪೂರ್ತಿ, ಮೊಟ್ಟೆ ಪೂರ್ತಿ. ಕುರ್ಚಿಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಹೆಂಡತಿ ಕೊನೆಯ ತುತ್ತು ನುಂಗುವವರೆಗೂ ಕಣ್ಣು ಕದಲಿಸದೆ ನೋಡಿದರು.

ಕಿಟಕಿಯಲ್ಲಿ ಪಾರಿವಾಳಗಳು ಗಾಜು ಕುಟುಕುತ್ತ ಬಹಳ ಹೊತ್ತು ಕಾದವು. ಅವತ್ತೂ ಅವಕ್ಕೆ ಏನೂ ಸಿಗಲಿಲ್ಲ.